ಎಂಟು ದೇಶ, ಒಂದು ಸೀಲು

ಶನಿವಾರ ಸಂಜೆ, ನೆದರ್ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿ ಮಳೆ. ಹಾಗಂತ ಬರೆಯೋದು ಸಾಗರದ ತೋಟದಲ್ಲಿ ಅಡಿಕೆ ಇತ್ತು ಅಂತ ಬರೆದ ಹಾಗೆ, ಸುದ್ದಿಯೇನಲ್ಲ. ನಮ್ಮ ಅಡುಗೆಮನೆಯಲ್ಲಿ ಬೆಳಗಾವಿಯ ಗುರಣ್ಣ ಗಿರಮಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದ. ಮಂಗಳೂರಿನ ಶೆಟ್ಟರು ಟೊಮೇಟೊ ಹೆಚ್ಚಬೇಕಿತ್ತು, ಚಾಕು ಹಿಡಿದು ಕೂತಿದ್ದರು, ಅಷ್ಟೇ. ಮಂಡ್ಯದ ನಾಗರಾಜ ಮಂಡಕ್ಕಿ ಪೊಟ್ಟಣಕ್ಕೆ ಕಾವಲು. ಕಾವಲುಗಾರನೇ ಆಗಲೇ ಕಾಲು ಭಾಗ ಖಾಲಿ ಮಾಡಿದ್ದ.

ವಿಷಯ ಒಂದೇ: ನಾನು ಅಪ್ಪಯ್ಯ, ಅಮ್ಮ, ಹೆಂಡತಿ ಸುಮಾ, ಒಂಬತ್ತು ವರ್ಷದ ಪುಟ್ಟ ಇಷ್ಟೂ ಜನರನ್ನು ಒಂದು ಸಣ್ಣ ಕಾರಿನಲ್ಲಿ ತುಂಬಿಕೊಂಡು ನಾಲ್ಕು ದಿನದಲ್ಲಿ ಎಂಟು ದೇಶ ಸುತ್ತಿ ಬಂದದ್ದು.

"ಎಂಟು ಯಾವ್ವು, ಎಣಿಸು ನೋಡೂಣು," ಅಂದ ಗುರಣ್ಣ. ಕಣ್ಣಲ್ಲಿ ನೀರು. ಈರುಳ್ಳಿಯದು.

"ನೆದರ್ಲ್ಯಾಂಡ್ಸ್, ಬೆಲ್ಜಿಯಂ, ಲಕ್ಸೆಂಬರ್ಗ್, ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲ್ಯಾಂಡ್, ಲಿಕ್ಟೆನ್‌ಸ್ಟೈನ್, ಆಸ್ಟ್ರಿಯಾ."

"ಮನೆ ಇರೋ ದೇಶನೂ ಲೆಕ್ಕಕ್ಕೆ ಸೇರಿಸ್ಕಂಡವ್ನೆ ನೋಡು," ಅಂದ ನಾಗರಾಜ. "ಅಂಗಾದ್ರೆ ನಾನು ದಿನಾ ಒಂದು ದೇಶ ಸುತ್ತಿ ಬತ್ತೀನಿ."

ಈ ಪ್ರವಾಸದ ಕಥೆ ಅರ್ಥವಾಗಬೇಕಾದರೆ ಅಪ್ಪಯ್ಯನ ಕೆಲಸ ಏನಿತ್ತು ಅಂತ ಮೊದಲು ಹೇಳಬೇಕು. ಅವರು ಸರ್ವೀಸಿನ ಅರ್ಧಕ್ಕರ್ಧ ಚೆಕ್‌ಪೋಸ್ಟುಗಳಲ್ಲೇ ಕಳೆದವರು. ಅತ್ತಿಬೆಲೆ ಕಡೆ ಕೆಲವು ವರ್ಷ, ನಿಪ್ಪಾಣಿ ಕಡೆ ಕೆಲವು ವರ್ಷ. ಲಾರಿ ನಿಲ್ಲಿಸು, ಬಿಲ್ಲು ತೋರಿಸು, ಟಾರ್ಪಾಲು ಬಿಚ್ಚು. 2017ರಲ್ಲಿ ಜಿಎಸ್‌ಟಿ ಬಂತು, ಸರಕಿನ ತೆರಿಗೆಯ ಚೆಕ್‌ಪೋಸ್ಟುಗಳ ಕಾಲ ಮುಗಿಯಿತು. ಅಪ್ಪಯ್ಯ ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೂ ಊರಿಗೆ ಹೋದಾಗೆಲ್ಲ, "ಈಗ ಯಾರು ಬೇಕಾದರೂ ಏನು ಬೇಕಾದರೂ ತಗೊಂಡು ಹೋಗಬಹುದು, ಕೇಳೋರಿಲ್ಲ" ಅಂತ, ಸ್ವಂತ ಗದ್ದೆಗೆ ದನ ನುಗ್ಗಿದ ಹಾಗೆ ಸಂಕಟ ಪಡುತ್ತಿದ್ದರು.

ಅಂಥವರನ್ನು ನಾನು ಷೆಂಗನ್ ವೀಸಾ ಮೇಲೆ ಕರೆಸಿಕೊಂಡೆ. ಒಂದೇ ವೀಸಾ, 29 ದೇಶ, ಗಡಿಯಲ್ಲಿ ಗೇಟಿಲ್ಲ.

"ಅಂದ್ರೆ ನೀವು ಅವರನ್ನು ಚೆಕ್‌ಪೋಸ್ಟೇ ಇಲ್ಲದ ಜಾಗಕ್ಕೆ ಚೆಕ್‌ಪೋಸ್ಟ್ ತೋರಿಸ್ಲಿಕ್ಕೆ ಕರ್ಕೊಂಡು ಹೋದದ್ದಾ ಮಾರಾಯ್ರೆ?" ಅಂದರು ಶೆಟ್ಟರು.

ಹೆಚ್ಚುಕಮ್ಮಿ ಹಾಗೇ.

ಅಪ್ಪಯ್ಯನ ಚಿಂತೆ ಗಡಿಯದ್ದಾದರೆ ಅಮ್ಮನ ಚಿಂತೆ ಸೀಲಿನದು. ವಿಮಾನ ಇಳಿದಾಗ ಪಾಸ್‌ಪೋರ್ಟಿಗೆ ಒಂದು ಸೀಲು ಬಿದ್ದಿತ್ತು. ಆಮೇಲೆ ಎಷ್ಟು ದೇಶ ಸುತ್ತಿದರೂ ಸೀಲು ಬೀಳಲ್ಲ ಅಂತ ಗೊತ್ತಾದಾಗ ಅವರ ಮುಖ ಇಳಿದುಹೋಯಿತು. "ಹಾಗಾದ್ರೆ ಹೋಗಿ ಬಂದಿದ್ದು ಅಂತ ಪಕ್ಕದ ಮನೆ ಶಾರದಕ್ಕಂಗೆ ಎಂತ ತೋರಿಸೋದು?" ಫೋಟೋ ಇದೆಯಲ್ಲ ಅಂದೆ. "ಫೋಟೋ ಈಗ ಮೊಬೈಲಲ್ಲೇ ಮಾಡ್ತಾರಂತೆ, ಶಾರದಕ್ಕ ನಂಬೂದಿಲ್ಲೆ" ಅಂದರು.

ಹಿಂದಿನ ವಾರ ತಾಲೀಮಿಗೆ ಅಂತ ವಾಲ್ಸ್‌ಗೆ ಕರೆದುಕೊಂಡು ಹೋಗಿದ್ದೆ. ನೆದರ್ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿ ಕೂಡುವ ಜಾಗ. ಈ ದೇಶದ ಯುರೋಪಿನ ನೆಲದಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟವೂ ಅದೇ, 322 ಮೀಟರ್. ಅಪ್ಪಯ್ಯ ಕಾರಿಂದ ಇಳಿದು ಸುತ್ತ ನೋಡಿ, "ಬೆಟ್ಟ ಎಲ್ಲಿ?" ಅಂದರು. ಅದರ ಮೇಲೇ ನಿಂತಿದ್ದರು.

"ಲೇ, ಬೆಂಗಳೂರೇ ಒಂಬೈನೂರು ಮೀಟರ್ ಮ್ಯಾಲದೆ," ಅಂದ ನಾಗರಾಜ. "ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ತಂದು ಇಲ್ಲಿ ಮಡಗಿದ್ರೆ ಇವ್ರು ಟಿಕೆಟ್ ಇಟ್ಟು ಟ್ರೆಕ್ಕಿಂಗ್ ಮಾಡುಸ್ತಾರೆ."

ಇರಲಿ. ಹೆಮೆಲ್ವಾರ್ಟ್ ಅನ್ನೋ ಕ್ರೈಸ್ತರ ಹಬ್ಬದ ರಜೆಯ ಗುರುವಾರ ಬೆಳಿಗ್ಗೆ ಹೊರಟೆವು. ಡಿಕ್ಕಿಯಲ್ಲಿ ಬಟ್ಟೆಯ ಚೀಲ ಎರಡು, ಊಟದ ಚೀಲ ಐದು. ರೈಸ್ ಕುಕ್ಕರು, ಅವಲಕ್ಕಿ, ಚಟ್ನಿಪುಡಿ, ಗೊಜ್ಜು, ನಲವತ್ತು ಚಪಾತಿ. ನಾಲ್ಕು ಪ್ಯಾಕೆಟ್ ಕಾರ್ನೆಮೆಲ್ಕ್, ಅಂದರೆ ಇಲ್ಲಿಯ ಮಜ್ಜಿಗೆ. ಹೆಸರು ಕೇಳಿದ ದಿನವೇ ಅಮ್ಮ ಅದು ಕರ್ನಾಟಕದಿಂದ ಬಂದ ಪದವೇ ಅಂತ ತೀರ್ಮಾನಿಸಿದ್ದಾರೆ, ಭಾಷಾ ವಿಜ್ಞಾನಿಗಳು ಬಂದು ಹೇಳಿದರೂ ಬದಲಾಯಿಸುವುದಿಲ್ಲ. ಇದರ ಜೊತೆಗೆ ಸಾಗರದಿಂದಲೇ ಬಂದ ಅಪ್ಪೆಮಿಡಿ ಉಪ್ಪಿನಕಾಯಿ, ಗಾಜಿನ ಬಾಟಲಿಯಲ್ಲಿ. ಈ ಬಾಟಲಿಯನ್ನು ನೆನಪಿಟ್ಟುಕೊಳ್ಳಿ.

ಮೊದಲ ನಿಲುಗಡೆ ಬಾರ್ಲೆ. ಇದು ನಾನು ಅಪ್ಪಯ್ಯನಿಗೆಂದೇ ಆರಿಸಿದ್ದ ಊರು. ಡಚ್ಚರ, ಅಂದರೆ ನೆದರ್ಲ್ಯಾಂಡ್ಸಿನವರ, ನೆಲದೊಳಗೆ ಬೆಲ್ಜಿಯಂನ 22 ತುಂಡು ಚೆಲ್ಲಿದ ಹಾಗೆ ಬಿದ್ದಿವೆ. ಆ ತುಂಡುಗಳ ಹೊಟ್ಟೆಯೊಳಗೆ ಮತ್ತೆ ಡಚ್ಚರ ತುಂಡು. ಮಧ್ಯಯುಗದ ದೊರೆಗಳು ಜಮೀನು ಹಂಚಿಕೊಂಡದ್ದರ ಫಲ. ಗಡಿಗೆರೆ ರಸ್ತೆ, ಅಂಗಡಿ, ಮನೆ ಯಾವುದನ್ನೂ ನೋಡದೆ ಹಾದುಹೋಗುತ್ತದೆ. ಫುಟ್‌ಪಾತಿನ ಮೇಲೆ ಬಿಳಿ ಅಡ್ಡಗುರುತುಗಳ ಸಾಲು. ಈ ಕಡೆ ಎನ್‌ಎಲ್, ಆ ಕಡೆ ಬಿ.

"ಮನಿ ನಡುವ ಹೋದ್ರ? ಅಡಗಿಮನಿ ಒಂದ್ ದೇಶ, ಪಡಸಾಲಿ ಒಂದ್ ದೇಶ?" ಗುರಣ್ಣ ಚಾಕು ಕೆಳಗಿಟ್ಟ. ಗಡಿ ಅಂದರೆ ಬೆಳಗಾವಿಯವರಿಗೆ ಕಿವಿ ನೆಟ್ಟಗಾಗುತ್ತದೆ.

"ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು. ಅದು ಅಲ್ಲಿಯ ಪದ್ಧತಿ."

"ಅಂದ್ರ ಬಾಗಲಾ ಕಿತ್ತು ಈ ಕಡೆ ಇಟ್ರ ದೇಶ ಬದ್ಲಿ?"

"ಹಾಗೆ ಮಾಡಿದವರೂ ಇದ್ದಾರಂತೆ. ಒಂದು ಮನೆಯಲ್ಲಿ ಗಡಿ ಮುಂಬಾಗಿಲಿನ ನಡುಮಧ್ಯಕ್ಕೇ ಬಂದಿದೆ. ಬಾಗಿಲಿನ ಎಡಕ್ಕೊಂದು ನಂಬರು, ಬಲಕ್ಕೊಂದು ನಂಬರು, ಎರಡು ದೇಶದ್ದು."

"ಕರೆಂಟ್ ಬಿಲ್ ಯಾರ ಕಡೆಯಿಂದ ಬರ್ತದೆ?" ಇದು ಶೆಟ್ಟರ ಪ್ರಶ್ನೆ. ಅವರ ಎಲ್ಲಾ ಪ್ರಶ್ನೆಗಳೂ ಕೊನೆಗೆ ಬಿಲ್ಲಿಗೇ ಬಂದು ನಿಲ್ಲುತ್ತವೆ.

ಅಪ್ಪಯ್ಯ ಆ ಬಿಳಿ ಅಡ್ಡಗುರುತಿನ ಎರಡೂ ಕಡೆಗೆ ಒಂದೊಂದು ಕಾಲಿಟ್ಟು ಬಹಳ ಹೊತ್ತು ನಿಂತರು. ಫೋಟೋಗೆ ಅಂದುಕೊಂಡೆ. ಅಲ್ಲ. "ಇಲ್ಲಿ ಚೆಕ್‌ಪೋಸ್ಟ್ ಹಾಕಬೇಕು ಅಂದ್ರೆ ಎಷ್ಟು ಸಿಬ್ಬಂದಿ ಬೇಕು ಹೇಳು," ಅಂದರು. ಲೆಕ್ಕ ಹಾಕುತ್ತಿದ್ದರು. 2020ರಲ್ಲಿ ಕೊರೋನಾ ಬಂದಾಗ ಎರಡು ದೇಶದ ನಿಯಮ ಬೇರೆಬೇರೆಯಾಗಿ, ಗಡಿ ಮೇಲಿದ್ದ ಒಂದು ಬಟ್ಟೆ ಅಂಗಡಿಯ ಬೆಲ್ಜಿಯಂ ಅರ್ಧಕ್ಕೆ ಮಾತ್ರ ಬೀಗ ಬಿದ್ದಿತ್ತು, ಡಚ್ಚರ ಅರ್ಧ ತೆರೆದಿತ್ತು ಅಂತ ಹೇಳಿದೆ. ಅಪ್ಪಯ್ಯನಿಗೆ ಆ ದಿನದ ಮೊದಲ ನಗು ಬಂತು. "ಹಾಂ, ಅದು ಆಡಳಿತ" ಅಂದರು.

ಅಲ್ಲಿಂದ ಬೆಲ್ಜಿಯಂನ ಲಿಯೆಜ್ ದಾರಿ. ಇಲ್ಲೊಂದು ಫಜೀತಿ. ನಾನು ಲಿಯೆಜ್ ಅಂತ ಬೋರ್ಡು ಹುಡುಕುತ್ತಿದ್ದೇನೆ, ರಸ್ತೆ ಉದ್ದಕ್ಕೂ ಬರೋದೆಲ್ಲ 'ಲೌಕ್' ಅನ್ನೋ ಊರು. ಗೂಗಲಮ್ಮ ನೇರ ಹೋಗು ಅಂತಾಳೆ, ಹಿಂದಿನ ಸೀಟಿನಿಂದ ಅಪ್ಪಯ್ಯ "ದಾರಿ ತಪ್ಪಿದೆ, ಯಾರನ್ನಾದರೂ ಕೇಳು" ಅಂತಾರೆ. ಹೆದ್ದಾರಿಯಲ್ಲಿ ನೂರಿಪ್ಪತ್ತರಲ್ಲಿ ಯಾರನ್ನು ಕೇಳಲಿ? ಸ್ವಲ್ಪ ದೂರ ಹೋದ ಮೇಲೆ ಲೌಕ್ ಮಾಯ, ಲಿಯೆಜ್ ಪ್ರತ್ಯಕ್ಷ. ಎರಡೂ ಒಂದೇ ಊರು! ಡಚ್ ಮಾತಾಡುವ ಭಾಗದಲ್ಲಿ ಬೋರ್ಡು ಡಚ್ಚಿನಲ್ಲಿ, ಫ್ರೆಂಚ್ ಭಾಗ ಬಂದ ಕೂಡಲೇ ಊರಿನ ಹೆಸರೂ ಫ್ರೆಂಚಿಗೆ ಮತಾಂತರ. ಜರ್ಮನ್ನರಿಗೆ ಅದೇ ಊರು ಲ್ಯುಟ್ಟಿಷ್.

ಗುರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮೂರಿಗೂ ಬೆಳಗಾವಿ, ಬೆಳಗಾಂವ, ಬೆಲ್ಗಾಮ್ ಅಂತ ಮೂರ ಹೆಸರ ಅದಾವ ತಮ್ಮಾ. ಆದ್ರ ಬೋರ್ಡಿನ ಮ್ಯಾಲ ಬ್ಯಾರೆ ಬರದ್ರ ಮರದಿವ್ಸ ಅದಕ್ಕ ಮಸಿ. ಈ ಮಂದಿ ಹ್ಯಾಂಗ ಸುಮ್ನ ಅದಾರ?"

"ಸುಮ್ಮನೆ ಏನಿಲ್ಲ. ಈ ಭಾಷೆ ಜಗಳದಲ್ಲೇ 2010ರ ಚುನಾವಣೆ ಆದ ಮೇಲೆ 541 ದಿನ ಸರ್ಕಾರ ರಚನೆ ಆಗಲಿಲ್ಲ."

"ಐನೂರ ನಲವತ್ತೊಂದು ದಿನಾನಾ!" ನಾಗರಾಜ ಮಂಡಕ್ಕಿ ಪೊಟ್ಟಣ ಬಿಟ್ಟುಬಿಟ್ಟ. "ಅಷ್ಟು ದಿನ ಎಮ್ಮೆಲ್ಲೆಗಳ್ನ ಯಾವ್ ರೆಸಾರ್ಟಲ್ಲಿ ಮಡಗಿದ್ರು? ಬಿಲ್ ಎಷ್ಟಾಯ್ತು?"

ಶೆಟ್ಟರು ನಾಗರಾಜನ ಕೈ ಕುಲುಕಿದರು. ತಮ್ಮ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದು ಅವರಿಗೆ ಅಪರೂಪದ ಸಂತೋಷ.

ಅಷ್ಟರಲ್ಲಿ ಗಿರಮಿಟ್ ಆಯಿತು. ಸುಮಾ ಚಹಾ ತಂದಳು, ತಂದವಳು ಅಲ್ಲೇ ಕೂತಳು. "ಪುಟ್ಟನ ಸೀಟಿನ ಕಥೆ ಹೇಳಿದ್ರಾ?" ಅಂದಳು.

ಅದು ಹೀಗೆ. ಪುಟ್ಟನ ಎತ್ತರ 138 ಸೆಂಟಿಮೀಟರ್. ನೆದರ್ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ 135 ದಾಟಿದರೆ ಕಾರಿನಲ್ಲಿ ಮಕ್ಕಳ ಸೀಟು ಬೇಡ. ಜರ್ಮನಿಯಲ್ಲಿ ಹನ್ನೆರಡು ವರ್ಷ ತುಂಬಬೇಕು, ಇಲ್ಲವೇ 150 ಸೆಂಟಿಮೀಟರ್ ಆಗಬೇಕು. ಸ್ವಿಸ್ಸರದೂ ಅದೇ ಲೆಕ್ಕ. ಅಂದರೆ ನಮ್ಮ ಹುಡುಗ ಮನೆಯಿಂದ ಹೊರಡುವಾಗ ದೊಡ್ಡವನು, ಜರ್ಮನಿಯಲ್ಲಿ ಚಿಕ್ಕವನು. ಅವನಿಗೆ ಇದು ಮಹಾ ಅವಮಾನ. ಫೋನಿನಲ್ಲಿ ಹುಡುಕಿ, ಆಸ್ಟ್ರಿಯಾದಲ್ಲೂ 135 ಅಂತ ತಾನೇ ಪತ್ತೆ ಮಾಡಿದ. ಆವತ್ತಿನಿಂದ ಅಲ್ಲಿಗೆ ಮುಟ್ಟುವ ತನಕ ಅವನ ಬಾಯಲ್ಲಿ ಒಂದೇ ಪ್ರಶ್ನೆ: ಆಸ್ಟ್ರಿಯಾ ಯಾವಾಗ? ಆಲ್ಪ್ಸ್ ಪರ್ವತ ನೋಡೋ ಆಸೆ ಅಂತ ಅಮ್ಮ ಹೆಮ್ಮೆಪಟ್ಟುಕೊಂಡಿದ್ದರು.

ಲಕ್ಸೆಂಬರ್ಗ್‌ನಲ್ಲಿ ಮೊದಲು ಕಂಡದ್ದು ಅರಮನೆಯಲ್ಲ, ಪೆಟ್ರೋಲ್ ಬಂಕಿನ ಕ್ಯೂ. ಸುತ್ತಲಿನ ದೇಶಗಳಿಗಿಂತ ಅಲ್ಲಿ ಪೆಟ್ರೋಲ್ ಅಗ್ಗ. "ಕೊಲ್ಲಾಪುರದಾವ್ರು ನಮ್ಮ ಕಡೆ ಬಂದು ಟ್ಯಾಂಕ್ ತುಂಬಸ್ಕೊಂಡ್ ಹೋಗ್ತಾರಲ್ಲ, ಹಂಗ," ಅಂದ ಗುರಣ್ಣ. ಊರೊಳಗೆ 2020ರಿಂದ ಬಸ್ಸು, ಟ್ರಾಮು, ರೈಲು ಎಲ್ಲಾ ಪುಕ್ಕಟೆ. ಹೆಂಗಸರಿಗೆ ಮಾತ್ರವಲ್ಲ, ಗಂಡಸರಿಗೂ. ಅಮ್ಮ ಮಾತ್ರ ಟ್ರಾಮಿನಲ್ಲಿ ಕೂತು ಅಭ್ಯಾಸಬಲದಿಂದ ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡಿದ್ದರು.

ಷೆಂಗನ್ ಊರು ಲಕ್ಸೆಂಬರ್ಗ್‌ನದ್ದೇ, ಮೊಸೆಲ್ ಹೊಳೆಯ ದಂಡೆಯಲ್ಲಿ. ಒಂದು ಸಣ್ಣ ಹಳ್ಳಿ, ಸುತ್ತ ದ್ರಾಕ್ಷಿ ತೋಟ. ಈ ಕಡೆ ಲಕ್ಸೆಂಬರ್ಗ್, ಆ ಕಡೆ ಜರ್ಮನಿ, ಪಕ್ಕಕ್ಕೆ ಫ್ರಾನ್ಸ್. 1985ರ ಜೂನ್ 14ರಂದು ಐದು ದೇಶದವರು ಇಲ್ಲೇ ಹೊಳೆಯ ಮೇಲೆ, ದೋಣಿಯೊಂದರಲ್ಲಿ ಕೂತು ಗಡಿ ಕಾವಲು ತೆಗೆಯೋಣ ಅಂತ ಸಹಿ ಹಾಕಿದರು. ಅಪ್ಪಯ್ಯ ಹೊಳೆ ದಂಡೆಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತರು, ಅಪಘಾತವಾದ ಸ್ಥಳ ನೋಡಲು ಬಂದವರ ಹಾಗೆ.

"ಇಲ್ಲೇನಾ?"

"ಇಲ್ಲೇ."

"ಎಷ್ಟು ಜನರ ಕೆಲಸ ಹೋಯ್ತೋ ಏನೋ," ಅಂದರು.

ಸಮಾಧಾನ ಮಾಡೋಣ ಅಂತ, ಈ ಹೊಳೆ ಜರ್ಮನಿಗೂ ಲಕ್ಸೆಂಬರ್ಗ್‌ಗೂ ಅರ್ಧರ್ಧ ಪಾಲಲ್ಲ, ಇಡೀ ಹೊಳೆ ಇಬ್ಬರದ್ದೂ ಹೌದು ಅಂದೆ. "ಅಂದ್ರೆ ಜಂಟಿ ಖಾತೆ. ಪಹಣಿ ಯಾರ ಹೆಸರಲ್ಲಿದೆ?" ಅಂದರು. ನನಗೆ ಉತ್ತರ ಇರಲಿಲ್ಲ. ಅವರಿಗೆ ಅಷ್ಟೇ ಸಾಕಾಗಿತ್ತು. ಏನೋ ಒಂದು ಲೋಪ ಸಿಕ್ಕಿತು.

ಫ್ರಾನ್ಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟೋಲು ಕಟ್ಟಿದೆವು, ಸ್ಟ್ರಾಸ್‌ಬರ್ಗ್ ತಲುಪಿದೆವು, ಚರ್ಚ್ ನೋಡಿದೆವು, ಬ್ರೆಡ್ ತಿಂದೆವು. ಆ ಊರು 1871ರಿಂದ 1945ರೊಳಗೆ ನಾಲ್ಕು ಸಲ ದೇಶ ಬದಲಿಸಿದೆ. ಒಮ್ಮೆ ಜರ್ಮನಿ, ಒಮ್ಮೆ ಫ್ರಾನ್ಸ್, ಮತ್ತೆ ಜರ್ಮನಿ, ಮತ್ತೆ ಫ್ರಾನ್ಸ್.

"ನಮ್ಮಲ್ಲಿ ಒಬ್ಬ ಎಮ್ಮೆಲ್ಲೆನೇ ಅಷ್ಟು ಬದಲಾಯಿಸ್ತಾನಪ್ಪ," ಅಂದ ನಾಗರಾಜ. ಅವನಿಗೆ ಇನ್ನೂ ಆ ರೆಸಾರ್ಟೇ ತಲೆಯಲ್ಲಿತ್ತು.

ಈಗ ಉಪ್ಪಿನಕಾಯಿ ಬಾಟಲಿಗೆ ಬರೋಣ.

ಸ್ಟ್ರಾಸ್‌ಬರ್ಗಿನಿಂದ ರೈನ್ ನದಿಯ ಸೇತುವೆ ದಾಟಿದರೆ ಜರ್ಮನಿಯ ಕೇಲ್. ಜರ್ಮನಿಯವರು 2024ರ ಸೆಪ್ಟೆಂಬರಿನಿಂದ ತಮ್ಮ ಎಲ್ಲಾ ನೆಲಗಡಿಗಳಲ್ಲೂ ಮತ್ತೆ ತಪಾಸಣೆ ಶುರು ಮಾಡಿದ್ದಾರೆ. ಎಲ್ಲರನ್ನೂ ನಿಲ್ಲಿಸಲ್ಲ, ಆರಿಸಿ ನಿಲ್ಲಿಸುತ್ತಾರೆ. ನಮ್ಮನ್ನು ಆರಿಸಿದರು. ಎಳೆ ವಯಸ್ಸಿನ ಒಬ್ಬ ಪೊಲೀಸು, ಜೊತೆಗೊಬ್ಬಳು ಪೊಲೀಸಮ್ಮ. ಕೈ ತೋರಿಸಿ ಪಕ್ಕಕ್ಕೆ ಹಾಕಿಸಿದರು.

ನನಗೆ ಬೆವರು. ಸುಮಾ ಪಾಸ್‌ಪೋರ್ಟ್ ಹುಡುಕುತ್ತಿದ್ದಾಳೆ. ಅಮ್ಮನ ಪಾಸ್‌ಪೋರ್ಟು ಅಮ್ಮನ ಚೀಲದಲ್ಲಿ, ಆ ಚೀಲ ಇನ್ನೊಂದು ಚೀಲದಲ್ಲಿ. ಹಿಂದೆ ತಿರುಗಿ ನೋಡುತ್ತೇನೆ, ಅಪ್ಪಯ್ಯನ ಮುಖ ದೀಪಾವಳಿ! ಮೂರು ದೇಶ ದಾಟಿದ ಮೇಲೆ ಕೊನೆಗೂ ಒಂದು ಚೆಕ್‌ಪೋಸ್ಟು. ನಾನು ಬೇಡ ಬೇಡ ಅನ್ನುವುದರೊಳಗೆ ಬಾಗಿಲು ತೆಗೆದು ಇಳಿದೇಬಿಟ್ಟರು. ಅಂಗಿ ಜಗ್ಗಿ ಸರಿಮಾಡಿಕೊಂಡು, ಸೀದಾ ಹಿಂದಕ್ಕೆ ಹೋಗಿ ಡಿಕ್ಕಿ ತೆಗೆದು, ಒಂದೊಂದೇ ಚೀಲ ಕೆಳಗಿಳಿಸಿ ಸಾಲಾಗಿ ಇಡಲು ಶುರು ಮಾಡಿದರು. ಎಡಗಡೆ ಬಟ್ಟೆ, ಬಲಗಡೆ ತಿನ್ನೋದು.

ಆ ಹುಡುಗ ಕೇಳಿದ್ದು ಪಾಸ್‌ಪೋರ್ಟ್ ಮಾತ್ರ. ಅವನು ನೋಡುತ್ತಿರುವುದು ಅಪ್ಪಯ್ಯನನ್ನು. ಅಪ್ಪಯ್ಯ ಇಂಗ್ಲಿಷಿನಲ್ಲಿ, "ಒನ್ ಕುಕ್ಕರ್. ಟೂ ಕೆಜಿ ರೈಸ್. ನೋ ಬಿಲ್, ಪರ್ಸನಲ್ ಯೂಸ್" ಅಂತ ಘೋಷಿಸುತ್ತಿದ್ದಾರೆ. ಪೊಲೀಸಮ್ಮನಿಗೆ ನಗು ತಡೆಯೋಕಾಗದೆ ಆ ಕಡೆ ತಿರುಗಿದಳು. ಕೊನೆಗೆ ಬಂತು ಉಪ್ಪಿನಕಾಯಿ ಬಾಟಲಿ. ದಾರಿಯಲ್ಲಿ ಮುಚ್ಚಳ ಸಡಿಲಾಗಿ, ಕೆಂಪು ರಸ ಸುತ್ತಿದ ಟವೆಲ್ಲಿಗೆಲ್ಲಾ ಹರಡಿತ್ತು. ಕೆಂಪಾದ ಟವೆಲ್ಲು ನೋಡಿ ಹುಡುಗ ಗಂಭೀರನಾದ. "ವಾಸ್ ಇಸ್ಟ್ ದಾಸ್?" ಅಂದ.

ಅಮ್ಮ ಕಾರಿನ ಕಿಟಕಿಯಿಂದಲೇ, "ಅಪ್ಪೆಮಿಡಿ ಅಂತ ಹೇಳೋ. ಒಂದು ಬೇಕಾ ಅಂತ ಕೇಳು" ಅಂದರು.

ಮುಚ್ಚಳ ತೆಗೆದದ್ದೇ, ರೈನ್ ದಂಡೆಯ ಮೇಲೆ ಶರಾವತಿ ಕಣಿವೆಯ ಘಮ ಹಬ್ಬಿತು. ಹುಡುಗ ಎರಡು ಹೆಜ್ಜೆ ಹಿಂದೆ ಹೋದ. ಪೊಲೀಸಮ್ಮ ಮುಂದೆ ಬಂದು ಬಗ್ಗಿ ಮೂಸಿ ನೋಡಿ, "ಮ್ಯಾಂಗೋ?" ಅಂದಳು. ಅಪ್ಪಯ್ಯ ಮೂರು ಸಲ ತಲೆ ಆಡಿಸಿದರು. ನಮ್ಮ ತಲೆ ಆಡಿಸುವಿಕೆ ಅವಳಿಗೆ ಹೌದೋ ಅಲ್ಲವೋ ಗೊತ್ತಾಗಲಿಲ್ಲ, ಪಾಸ್‌ಪೋರ್ಟುಗಳನ್ನು ವಾಪಸು ಕೊಟ್ಟು ಹೋಗಿ ಅಂದಳು.

ಅಮ್ಮ: "ಸೀಲು?"

ಸೀಲಿಲ್ಲ.

ಕಾರು ಹೊರಟು ಹತ್ತು ಕಿಲೋಮೀಟರ್ ಅಪ್ಪಯ್ಯ ಮಾತಾಡಲಿಲ್ಲ. ಆಮೇಲೆ ಹೇಳಿದರು: "ಸೀಟಿನ ಅಡಿ ನೋಡಲೇ ಇಲ್ಲ ಮಾರಾಯ. ಸ್ಟೆಪ್ನಿ ಎತ್ತಲಿಲ್ಲ. ಇದೂ ಒಂದು ತಪಾಸಣೆಯನಾ?"

ಶೆಟ್ಟರು ಚಹಾ ನೆತ್ತಿಗೇರಿಸಿಕೊಂಡು ಕೆಮ್ಮತೊಡಗಿದರು. ಗುರಣ್ಣ ಬೆನ್ನು ತಟ್ಟಿದ. "ಕಾಕಾರನ್ನ ಅಲ್ಲೇ ಬಿಟ್ಟು ಬರಬೇಕಿತ್ತಲೇ. ಎರಡು ದಿನದಾಗ ಅವ್ರಿಗೆಲ್ಲ ಟ್ರೇನಿಂಗ್ ಕೊಟ್ಟು ಬರ್ತಿದ್ರು."

ಸ್ವಿಟ್ಜರ್ಲ್ಯಾಂಡಿನ ಹೆದ್ದಾರಿಗೆ ಹೋಗಬೇಕಾದರೆ ವಿನ್ಯೆಟ್ ಅನ್ನೋ ಟೋಲ್ ಪಾಸು ಕೊಳ್ಳಬೇಕು, 40 ಫ್ರಾಂಕ್. ಒಂದು ದಿನ ಓಡಿಸಿದರೂ ಅಷ್ಟೇ, ವರ್ಷವಿಡೀ ಓಡಿಸಿದರೂ ಅಷ್ಟೇ. ಅಪ್ಪಯ್ಯ ಒಪ್ಪಲಿಲ್ಲ. "ಒಂದು ದಿನಕ್ಕೆ ವರ್ಷದ ಪಾಸು ಯಾಕೆ? ಹಳ್ಳಿ ರಸ್ತೆ ಇಲ್ಲವನಾ?" ಇದೆ. ಹಾಗಾಗಿ ನಾವು ಸ್ವಿಟ್ಜರ್ಲ್ಯಾಂಡನ್ನು ಸೈಕಲ್‌ನವರ ಜೊತೆ, ಟ್ರ್ಯಾಕ್ಟರ್‌ಗಳ ಹಿಂದೆ, ಹಸುಗಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆವು. ನಲವತ್ತು ಫ್ರಾಂಕ್ ಉಳಿಯಿತು. ದಾರಿಯಲ್ಲಿ ಐವರೂ ಕಾಫಿ, ತಿಂಡಿ ಅಂತ ಒಮ್ಮೆ ಕೂತು ಎದ್ದಾಗ ಆ ನಲವತ್ತೂ ಹೋಗಿ ಮೇಲಿಷ್ಟು ಬಿತ್ತು, ಅದು ಬೇರೆ ಮಾತು.

ಷಾಫ್‌ಹೌಸನ್ ಹತ್ತಿರ ರೈನ್ ಜಲಪಾತ. ನೀರಿನ ಪ್ರಮಾಣದಲ್ಲಿ ಯುರೋಪಿನ ಅತಿ ದೊಡ್ಡ ಜಲಪಾತಗಳಲ್ಲಿ ಒಂದು. 150 ಮೀಟರ್ ಅಗಲ, 23 ಮೀಟರ್ ಎತ್ತರ. ಸಾಗರದವರಿಗೆ ಇಪ್ಪತ್ತಮೂರು ಮೀಟರಿನ ಜಲಪಾತ ತೋರಿಸುವುದು ಎಂಥಾ ಧೈರ್ಯದ ಕೆಲಸ ಅಂತ ಅಲ್ಲಿಗೆ ಹೋದ ಮೇಲೇ ನನಗೆ ಹೊಳೆದದ್ದು. ಜೋಗ 253 ಮೀಟರ್.

"ಇದಕ್ಕೆ ನಾವು ಅಬ್ಬಿ ಅಂತೀವಿ. ತೋಟಕ್ಕೆ ಹೋಗೋ ದಾರೀಲಿ ಇರ್ತದೆ," ಅಂದರು ಅಪ್ಪಯ್ಯ.

ಸುಮಾ ಮೈಸೂರಿನವಳು, ಸುಮ್ಮನಿರುವ ಪೈಕಿ ಅಲ್ಲ. "ಮಾವ, ಈಗ ಮೇ ತಿಂಗಳು. ಲಿಂಗನಮಕ್ಕಿಯವರು ಬಿಟ್ಟರೆ ತಾನೇ ಜೋಗದಲ್ಲಿ ನೀರು?"

ಅಪ್ಪಯ್ಯ ಕೇಳಿಸಲಿಲ್ಲ ಅನ್ನುವಂತೆ ಜಲಪಾತದ ಕಡೆ ಮುಖ ಮಾಡಿದರು. ಸದ್ದು ಜೋರಾಗಿಯೇ ಇತ್ತು, ಕೇಳಿಸದಿದ್ದರೂ ಇರಬಹುದು.

"ಅದಿರ್ಲಿ," ನಾಗರಾಜ ಮಂಡ್ಯದ ದನಿಯಲ್ಲಿ ಗಂಭೀರನಾದ. "ಈ ರೈನು ಎಷ್ಟು ದೇಶದ ಮ್ಯಾಲೆ ಅರೀತದೆ?"

"ಸ್ವಿಟ್ಜರ್ಲ್ಯಾಂಡ್, ಲಿಕ್ಟೆನ್‌ಸ್ಟೈನ್, ಆಸ್ಟ್ರಿಯಾ, ಜರ್ಮನಿ, ಫ್ರಾನ್ಸ್, ಆಮೇಲೆ ನಮ್ಮ ನೆದರ್ಲ್ಯಾಂಡ್ಸ್. ಒಟ್ಟು ಆರು."

"ಟ್ರಿಬ್ಯೂನಲ್ ಎಲ್ಲದೆ?"

"ಟ್ರಿಬ್ಯೂನಲ್ ಅಲ್ಲ, ಆಯೋಗ ಇದೆ. 1815ರ ವಿಯೆನ್ನಾ ಸಮ್ಮೇಳನದಲ್ಲಿ ಹುಟ್ಟಿದ್ದು, ಈಗ ಸ್ಟ್ರಾಸ್‌ಬರ್ಗ್‌ನಲ್ಲಿದೆ. ಆದರೆ ಅದು ನೀರು ಹಂಚೋಕಲ್ಲ, ಹಡಗು ಓಡಿಸೋ ವ್ಯವಹಾರಕ್ಕೆ."

"ಇನ್ನೂರು ವರ್ಸದಿಂದ ಆಯೋಗ ಇದ್ರೂವೆ ಒಂದ್ ಬಂದ್ ಇಲ್ಲ, ಒಂದ್ ಟೈರ್ ಸುಟ್ಟಿಲ್ಲ," ಅಂತ ಅವನು ತಲೆ ಕೊಡವಿದ. "ಎಂಗಪ್ಪಾ ಇವ್ರಿಗೆ ಟೈಮ್ ಪಾಸ್ ಆಗೋದು!"

ಹಳ್ಳಿ ರಸ್ತೆಯ ಕೃಪೆಯಿಂದ ಇನ್ನೊಂದು ವಿಶೇಷ ಸಿಕ್ಕಿತು. ಷಾಫ್‌ಹೌಸನ್ ಬಿಟ್ಟು ನದಿ ಪಕ್ಕ ಹೋಗುತ್ತಿದ್ದೇವೆ, ಇದ್ದಕ್ಕಿದ್ದ ಹಾಗೆ ಜರ್ಮನಿಯ ಬೋರ್ಡು. ಸ್ವಲ್ಪ ದೂರದಲ್ಲಿ ಮತ್ತೆ ಸ್ವಿಟ್ಜರ್ಲ್ಯಾಂಡ್. ನಡುವೆ ಸಿಕ್ಕಿದ್ದು ಬ್ಯೂಸಿಂಗನ್ ಅನ್ನುವ ಊರು, ಸುತ್ತ ನಾಲ್ಕೂ ಕಡೆ ಸ್ವಿಟ್ಜರ್ಲ್ಯಾಂಡ್, ಊರು ಮಾತ್ರ ಜರ್ಮನಿಯದು. ಜರ್ಮನಿಯಾದರೂ ಹೆಚ್ಚಾಗಿ ನಡೆಯೋದು ಸ್ವಿಸ್ ಫ್ರಾಂಕು. ಎರಡೂ ದೇಶದ ಪಿನ್‌ಕೋಡು ಇದೆ. ಅಲ್ಲಿಯ ಫುಟ್‌ಬಾಲ್ ತಂಡ ಸ್ವಿಸ್ಸರ ಲೀಗಿನಲ್ಲಿ ಆಡುತ್ತದೆ. ಅಪ್ಪಯ್ಯ ಮಾತ್ರ ಈ ಊರನ್ನು ಮನಸಾರೆ ಮೆಚ್ಚಿದರು. ಅಮ್ಮ ಕಾರು ನಿಲ್ಲಿಸಿ ಸೀಲು ಸಿಗುತ್ತಾ ವಿಚಾರಿಸು ಅಂದರು. ನಾನು ನಿಲ್ಲಿಸಲಿಲ್ಲ.

ಸೀಲು ಸಿಕ್ಕಿದ್ದು ಲಿಕ್ಟೆನ್‌ಸ್ಟೈನ್‌ನಲ್ಲಿ. ಇಡೀ ದೇಶ 160 ಚದರ ಕಿಲೋಮೀಟರ್, ನಮ್ಮ ಸಾಗರ ತಾಲ್ಲೂಕಿನ ಒಂದು ಮೂಲೆಯಲ್ಲಿ ಇಟ್ಟರೆ ಹುಡುಕಬೇಕು. 2007ರಲ್ಲಿ ರಾತ್ರಿ ತರಬೇತಿಯಲ್ಲಿದ್ದ ಸ್ವಿಸ್ ಸೈನಿಕರು ದಾರಿ ತಪ್ಪಿ ಈ ದೇಶದೊಳಗೆ ನಡೆದುಹೋಗಿದ್ದರು. ಇವರಿಗೆ ಗೊತ್ತೇ ಆಗಿರಲಿಲ್ಲ, ಅವರೇ ಬಂದು ಹೇಳಿದ್ದು. ಇವರ ಹತ್ತಿರ ಸೈನ್ಯವೂ ಇಲ್ಲ. ರಾಜಧಾನಿ ಫಾಡುಟ್ಸ್‌ನ ಪ್ರವಾಸಿ ಕಚೇರಿಯಲ್ಲಿ, ದುಡ್ಡು ಕೊಟ್ಟರೆ ಪಾಸ್‌ಪೋರ್ಟಿಗೆ ನೆನಪಿನ ಸೀಲು ಒತ್ತಿಕೊಡುತ್ತಾರೆ.

ಅಮ್ಮ ತುಳಸಿಗೆ ನೀರು ಹಾಕುವಾಗ ನಿಲ್ಲುವಷ್ಟೇ ಭಕ್ತಿಯಿಂದ ಕೌಂಟರಿನ ಮುಂದೆ ನಿಂತರು. ಹುಡುಗಿ ಪುಟ ತಿರುವಿ, ಜಾಗ ನೋಡಿ, ಠಪ್ ಅಂತ ಒತ್ತಿದಳು. ಶಾಯಿ ಒಣಗಲಿ ಅಂತ ಅಮ್ಮ ಸೆರಗಿನಿಂದ ಗಾಳಿ ಹಾಕಿದರು.

ಅಪ್ಪಯ್ಯನಿಗೆ ಮಾತ್ರ ಕಸಿವಿಸಿ. "ದುಡ್ಡು ಇಸ್ಕೊಂಡು ಸೀಲು ಹಾಕೋದಾ? ರಶೀದಿ ಕೇಳು ಮೊದಲು." ರಶೀದಿ ಕೊಟ್ಟರು. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

ಅಷ್ಟರಲ್ಲಿ ನನ್ನ ಫೋನು ಟಣ್ ಟಣ್ ಅಂತ ಹೊಡೆದುಕೊಳ್ಳಲು ಶುರುವಾಯಿತು. ನನ್ನ ಪ್ಲಾನು ಸ್ವಿಟ್ಜರ್ಲ್ಯಾಂಡಿನಲ್ಲಿ ನಡೆಯಲ್ಲ. ಲಿಕ್ಟೆನ್‌ಸ್ಟೈನ್ ಮಾತ್ರ ಯುರೋಪಿನ ರೋಮಿಂಗ್ ವ್ಯವಸ್ಥೆಯೊಳಗಿದೆ. ಒಂದೂವರೆ ದಿನದಿಂದ ತಡೆದು ನಿಂತಿದ್ದ ಕುಟುಂಬದ ಗುಂಪಿನ ಗುಡ್ ಮಾರ್ನಿಂಗ್, ಶುಭ ಶುಕ್ರವಾರ, ಶುಭ ಶನಿವಾರ, ಹೂವು, ದೀಪ ಎಲ್ಲವೂ ಒಟ್ಟಿಗೆ ಲಿಕ್ಟೆನ್‌ಸ್ಟೈನ್ ಪ್ರವೇಶಿಸಿದವು. ಆ ಸೈನಿಕರಿಗಿಂತ ದೊಡ್ಡ ದಂಡು.

ಅಮ್ಮ ಅಲ್ಲಿಂದಲೇ ಸೀಲಿನ ಫೋಟೋ ತೆಗೆದು ಶಾರದಕ್ಕನಿಗೆ ಕಳಿಸಿದರು. ಶಾರದಕ್ಕನ ಉತ್ತರ ತಕ್ಷಣ ಬಂತು: "ಇದು ಎಂತ ದೇಶ? ಹೆಸರೇ ಕೇಳಿಲ್ಲೆ. ಪ್ಯಾರಿಸ್ಸಿದು ಇಲ್ಲೆಯಾ?"

"ಅಯ್ಯೋ ದೇವ್ರೆ!" ನಾಲ್ವರೂ ಒಟ್ಟಿಗೆ.

ಆಸ್ಟ್ರಿಯಾದಲ್ಲಿ ಒಂದು ತಾಸು. ಆ ಒಂದು ತಾಸು ಪುಟ್ಟ ದೊಡ್ಡವನಾಗಿದ್ದ. ಸೀಟು ತೆಗೆದು ಡಿಕ್ಕಿಗೆ ಹಾಕಿಸಿ, ಬೆನ್ನು ನೆಟ್ಟಗೆ ಮಾಡಿ ಕೂತು ಕಿಟಕಿ ಹೊರಗೆ ಗತ್ತಿನಿಂದ ನೋಡುತ್ತಿದ್ದ. ಬ್ರೆಗೆನ್ಜ್ ದಾಟಿ ಜರ್ಮನಿ ಬಂದಾಗ ಇಳಿದು ಸೀಟು ಹಾಕಿದೆವು. ಅವನು ಲಿಂಡಾವ್ ತನಕ ಯಾರ ಹತ್ತಿರವೂ ಮಾತಾಡಲಿಲ್ಲ.

ಭಾನುವಾರ ವಾಪಸು ಬರುವಾಗ ಜರ್ಮನಿಯಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದು ಲೀಟರ್ ಹಾಲಿಗಾಗಿ ಮೂರು ಪೆಟ್ರೋಲ್ ಬಂಕ್ ಅಲೆದೆವು. ಆಟೋಬಾನಿನಲ್ಲಿ, ಅಂದರೆ ಅಲ್ಲಿಯ ಹೆದ್ದಾರಿಯಲ್ಲಿ, ಮಿತಿಯಿಲ್ಲದ ವೇಗ ಅಂತ ಅಪ್ಪಯ್ಯನಿಗೆ ಮೊದಲೇ ಹೇಳಿದ್ದೆ. ಸ್ಟುಟ್‌ಗಾರ್ಟ್ ಹತ್ತಿರ ಒಂದೂವರೆ ತಾಸು ಮಿತಿಯಿಲ್ಲದೆ ನಿಂತೆವು. ಅಲ್ಲಿಯ ಕಾನೂನು ಏನೆಂದರೆ, ವಾಹನ ದಟ್ಟಣೆಯಾದ ಕೂಡಲೇ ಎಡ ಸಾಲಿನವರು ಇನ್ನೂ ಎಡಕ್ಕೆ, ಉಳಿದವರು ಬಲಕ್ಕೆ ಒತ್ತಿಕೊಂಡು ನಡುವೆ ಆಂಬುಲೆನ್ಸಿಗೆ ದಾರಿ ಬಿಡಬೇಕು. ಎಲ್ಲರೂ ಬಿಟ್ಟಿದ್ದರು. ನಡುವೆ ನೀಟಾಗಿ, ಬೈತಲೆ ತೆಗೆದ ಹಾಗೆ, ಖಾಲಿ ರಸ್ತೆ. ಅಪ್ಪಯ್ಯ ಹಿಂದಿನಿಂದ ಮುಂದಕ್ಕೆ ಬಗ್ಗಿ ನೋಡಿದರು.

"ಮಧ್ಯ ಖಾಲಿ ಇದ್ಯಲ್ಲೋ. ಯಾರೂ ನುಗ್ತಾ ಇಲ್ಲ ಯಾಕೆ? ಹೆದರ್ತಾರನಾ?"

ನಾಗರಾಜ ಎದೆ ಮೇಲೆ ಕೈ ಇಟ್ಟುಕೊಂಡ. "ಸತ್ಯ ಏಳ್ತೀನಿ, ನಂಗೂ ಮೊದುಲ್ನೇ ಸಲ ಅಂಗೇ ಅನ್ಸಿತ್ತು. ಸ್ಟೀರಿಂಗು ತಾನಾಗೇ ಅತ್ಲಾಗೆ ಎಳೀತು."

ಮಹಡಿ ಮೆಟ್ಟಿಲ ಮೇಲೆ ಸದ್ದಾಯಿತು. ಅಪ್ಪಯ್ಯ ಮಧ್ಯಾಹ್ನದ ನಿದ್ದೆ ಮುಗಿಸಿ ಕೆಳಗಿಳಿದು ಬರುತ್ತಿದ್ದರು. ನಾವು ನಾಲ್ವರೂ ನಗು ನುಂಗಿ ಗಿರಮಿಟ್ ತಟ್ಟೆಗೆ ಬಗ್ಗಿದೆವು. ಅವರು ಮೇಜಿನ ಹತ್ತಿರ ಬಂದು, ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದು ಮಂಡಕ್ಕಿ ಪಕ್ಕದಲ್ಲಿಟ್ಟರು. ಜರ್ಮನಿಯ ಹೆದ್ದಾರಿಯ ಶೌಚಾಲಯದ ಕೂಪನ್ನುಗಳು. ಒಂದು ಯೂರೋ ಹಾಕಿದರೆ ಗೇಟು ತೆರೆಯುತ್ತದೆ, ಜೊತೆಗೆ ಒಂದು ಯೂರೋದ ಕೂಪನ್ನು ಬರುತ್ತದೆ, ಅದನ್ನು ಅಲ್ಲಿಯ ಅಂಗಡಿಯಲ್ಲಿ ಕೊಟ್ಟರೆ ಬಿಲ್ಲಿನಲ್ಲಿ ಅಷ್ಟು ಕಡಿಮೆ. ಅಲ್ಲೇ ಖರ್ಚು ಮಾಡೋಣ ಅಂದಿದ್ದೆ. "ಒಂದು ಯೂರೋ ಬಿಟ್ಟು ಬಿಸ್ಕತ್ತಿಗೆ ಎರಡು ಯೂರೋ ಜಾಸ್ತಿ ಇಟ್ಟಿದಾರೆ" ಅಂತ ಬಿಟ್ಟಿರಲಿಲ್ಲ.

"ಒಟ್ಟು ಹದಿನೈದಿದೆ," ಅಂದರು ಅಪ್ಪಯ್ಯ, ಶೆಟ್ಟರ ಕಡೆ ನೋಡುತ್ತ. ಲೆಕ್ಕ ಅರ್ಥವಾಗುವ ಮನುಷ್ಯ ಯಾರು ಅಂತ ಅವರಿಗೆ ಮುಖ ನೋಡಿಯೇ ಗೊತ್ತಾಗುತ್ತದೆ. "ಡೆನ್ಮಾರ್ಕಿಗೆ ಹೋಗೋದಾದ್ರೆ ಜರ್ಮನಿ ಮೇಲೇ ಅಲ್ಲವನಾ ಹೋಗೋದು?"